ಕಂಬಳಿಯ ನಿರಿಗೆ

ಅವರು ತೀರಿಕೊಂಡರೆಂದು ಫೋನು ಬಂದಾಗ ನನಗೆ ಮೊದಲು ನೆನಪಾದದ್ದು ಅವರ ಮೊಣಕಾಲುಗಳು. ಬೇಕಾದವರು ಹೋದಾಗ ಅವರ ಮುಖವೋ ಮಾತೋ ಮಾಡಿದ ಉಪಕಾರವೋ ನೆನಪಾಗುವುದು ಮರ್ಯಾದೆ. ನನಗೆ ಮೊಣಕಾಲು ನೆನಪಾದವು, ಏನು ಮಾಡಲಿ. ಕಪ್ಪಗೆ, ಒರಟಾಗಿ, ಕಬಡ್ಡಿ ಅಂಕಣದ ಮಣ್ಣಿನಲ್ಲಿ ತರಚಿ ತರಚಿ ಕಲೆಗಟ್ಟಿದ್ದ ಮೊಣಕಾಲುಗಳು. ಅವುಗಳ ಮೇಲೆ ಚೌಕಳಿ ಕಂಬಳಿಯ ಅಂಚು. ಕಂಬಳಿ ಚುಚ್ಚುತ್ತಿದ್ದುದರಿಂದ ಮಾತಿನ ನಡುವೆ ಆಗಾಗ ಕೆರೆದುಕೊಳ್ಳುವ ಕೈ. ಸ್ಕಾಟ್ಲೆಂಡಿನ ಗಂಡಸರು ಉಡುವ ಕಿಲ್ಟ್ ಉಟ್ಟುಕೊಂಡು ಹೊಳಲ್ಕೆರೆಯ ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡಿದವರು ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬರಿದ್ದರೆ ನನಗೆ ತಿಳಿಸಿ, ನಾನೇ ಬಂದು ನಮಸ್ಕಾರ ಮಾಡುತ್ತೇನೆ.

ಅವರು ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು. ಇಲಾಖೆಯವರು ದೈಹಿಕ ಶಿಕ್ಷಣ ಶಿಕ್ಷಕರು ಎಂದು ಕರೆಯುತ್ತಿದ್ದರು, ಊರಿನವರಿಗೆ ಅಷ್ಟುದ್ದ ಹೇಳುವ ವ್ಯವಧಾನವಿರಲಿಲ್ಲ. ತಾಳ್ಯದ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆ. ನಾನು ಹೊರಕೆರೆದೇವಪುರದವನು, ಕನ್ನಡ ಮೇಷ್ಟ್ರಾಗಿ ಅಲ್ಲಿಗೆ ಹೋದೆ. ಹೋದ ದಿನವೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದವನ ಬೆನ್ನಿನ ಮಧ್ಯೆ ಯಾರೋ ಹೆಬ್ಬೆರಳು ಒತ್ತಿದರು. ತಿರುಗಿ ನೋಡಿದರೆ ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ಎತ್ತರದ ಆಳು.

"ಬೆನ್ನು," ಎಂದರು. "ಕನ್ನಡ ಮೇಷ್ಟ್ರು ಬಗ್ಗಿ ನಿಂತ್ರೆ ಹುಡ್ಗರು ಮಲಗೇಬಿಡ್ತಾರೆ. ಬರ್ರಿ, ಕುಂತ್ಕಳ್ರಿ, ಟೀ ಕುಡಿಯಾಣ."

ಅದು ಅವರ ಅಭ್ಯಾಸ. ಹೆಡ್‌ಮಾಸ್ಟರ್, ಬಿಸಿಯೂಟದ ಅಮ್ಮ, ತಪಾಸಣೆಗೆ ಬಂದ ಅಧಿಕಾರಿ, ಯಾರ ಬೆನ್ನು ಬಾಗಿದ್ದರೂ ಆ ಹೆಬ್ಬೆರಳು ಅಲ್ಲಿ ಹಾಜರಾಗುತ್ತಿತ್ತು. ಟೀಯನ್ನು ಬಸಿಗೆ ಸುರಿದುಕೊಂಡು ಸೊರ್ರೆಂದು ಕುಡಿಯುತ್ತಿದ್ದರು. ಸಂಜೆಗೆ ಮಂಡಕ್ಕಿ ಮೆಣಸಿನಕಾಯಿ ಇಲ್ಲದಿದ್ದರೆ ಅವರಿಗೆ ದಿನ ಮುಗಿಯುತ್ತಿರಲಿಲ್ಲ. ಬಲಗಿವಿಯ ಮುಂದೆ, ಕೆನ್ನೆ ಶುರುವಾಗುವ ಕಡೆ, ಸೂಜಿ ಚುಚ್ಚಿದಂಥ ಸಣ್ಣದೊಂದು ತೂತು ಇತ್ತು. ಕಿವಿಗೆ ಕಡುಕು ಹಾಕಲು ಚುಚ್ಚಿಸಿದ್ದೋ ಎಂದು ಕೇಳಿದ್ದಕ್ಕೆ ನಕ್ಕು, "ಹುಟ್ಟಿದಾಗಿಂದ್ಲೂ ಐತೆ. ನಮ್ಮತ್ತೆಗೂ ಐತೆ. ದೇವ್ರೇ ಚುಚ್ಚಿ ಕಳಿಸ್ಯಾನೆ ಅಂತಾಳೆ ಅವ್ಳು. ಆಸಾರಿಯೋನ ಕೂಲಿ ಉಳೀತು," ಎಂದಿದ್ದರು. ಆ ತೂತನ್ನು ನೆನಪಿಡಿ, ಮುಂದಿನ ಕಥೆಯೆಲ್ಲ ಅದರೊಳಗಿಂದಲೇ ಬಂತು.

ನನ್ನ ವಿಷಯವನ್ನೂ ಇಲ್ಲಿ ಸ್ವಲ್ಪ ಹೇಳಬೇಕು. ನನಗೆ ತೊದಲು. ಎಲ್ಲ ಅಕ್ಷರಕ್ಕೂ ಅಲ್ಲ, 'ಮ' ಬಂದರೆ ಮಾತ್ರ ತುಟಿಗಳು ಅಂಟಿಕೊಂಡು ಬಿಡುತ್ತವೆ. ಹೊಟ್ಟೆಪಾಡಿಗೆ ಕನ್ನಡ ಕಲಿಸಬೇಕಾದವನಿಗೆ ಮಳೆ, ಮರ, ಮಗು, ಮನೆ, ಮಾತು ಎಲ್ಲವೂ ಮುಳ್ಳುಬೇಲಿ. ನಾನು ದಾರಿ ಬದಲಿಸಿ ಬದಲಿಸಿ ಪಾಠ ಮಾಡುತ್ತಿದ್ದೆ. ಆದರೂ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ನಗು ಶುರುವಾಗಿ ಮುಂದಿನ ಬೆಂಚಿಗೆ ಬರುತ್ತಿತ್ತು. ಮಕ್ಕಳು ಕೆಟ್ಟವರಲ್ಲ, ನಗು ಬಂದರೆ ಅವರಾದರೂ ಏನು ಮಾಡುತ್ತಾರೆ. ಆದರೆ ಕೆಲಸವೇ ಬೇಡ, ಊರಿಗೆ ಹೋಗಿ ತೋಟದಲ್ಲಿ ಬದುಕಿಕೊಳ್ಳೋಣ ಎಂದು ನಾನು ಯೋಚಿಸದ ವಾರವಿರಲಿಲ್ಲ.

ಇದೆಲ್ಲ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ನಾನು ಮಾತಿನ ನಡುವೆ ಸಿಕ್ಕಿಕೊಂಡರೆ ಬಾಕಿಯವರಂತೆ ಪದ ಹುಡುಕಿ ಬಾಯಿಗೆ ಕೊಡುತ್ತಿರಲಿಲ್ಲ. ಬಸಿ ಕೈಯಲ್ಲಿ ಹಿಡಿದು ಆರಾಮಾಗಿ ಕಾಯುತ್ತಿದ್ದರು, ಬಸ್ಸು ಬರುವುದಕ್ಕೆ ಕಾಯುವ ಹಾಗೆ. ತೊದಲಿದ್ದವರಿಗೆ ಮಾತ್ರ ಅದರ ಬೆಲೆ ಗೊತ್ತು.

ಅವರ ಮನೆ ಹಿರಿಯೂರು ತಾಲ್ಲೂಕಿನ ಐಮಂಗಲದ ಆಚೆ. ಕುರಿಮಂದೆ, ಹೊಲ, ದೊಡ್ಡ ಕುಟುಂಬ. ಮನೆಯ ಯಜಮಾನಿಕೆ ಅವರ ಅಣ್ಣನದು. ಅಣ್ಣ ಎಂದರೆ ಬಿಳಿ ಪಂಚೆ, ಬಿಳಿ ರುಮಾಲು, ನಾಲ್ಕೂರಿನ ಪಂಚಾಯ್ತಿಗೆ ಕರೆಸಿಕೊಳ್ಳುವ ಗತ್ತಿನ ಮನುಷ್ಯ. ತಾಯಿಯಿಲ್ಲದ ಇಬ್ಬರನ್ನೂ ಸಾಕಿದವಳು ಸೋದರತ್ತೆ, ಅವರ ತಂದೆಯ ಅಕ್ಕ. ಬೂದುಗಣ್ಣಿನ ಮುದುಕಿ. ಬೆಕ್ಕಿನ ಕಣ್ಣಿನವಳು ಎಂದು ಊರಲ್ಲಿ ಹೆಸರು. ಆ ಕಣ್ಣಿನ ಕಾರಣಕ್ಕೇ ಮದುವೆ ಎರಡು ಕಡೆ ಮುರಿದು, ಆಮೇಲೆ ಆಗಲೇ ಇಲ್ಲವಂತೆ. ಅದನ್ನು ಅವಳು ಯಾರದೋ ಎಮ್ಮೆ ಕಳೆದುಹೋದ ಸುದ್ದಿಯಂತೆ ಹೇಳುತ್ತಿದ್ದಳು.

ಒಂದು ಭಾನುವಾರ ಡ್ರಿಲ್ ಮೇಷ್ಟ್ರು ಬೈಕು ತಂದು ನನ್ನ ಬಾಡಿಗೆ ಮನೆಯ ಮುಂದೆ ನಿಲ್ಲಿಸಿದರು. "ನಡೀರಿ ಹೋಗಾಣ. ಯಾರೋ ಬಿಳೇ ಹೆಂಗಸು ಬಂದಾಳಂತೆ ನಮ್ಮೂರಿಗೆ, ಟ್ಯಾಕ್ಸಿ ಹುಡ್ಗ ನನ್ನ ಹಳೇ ಸ್ಟೂಡೆಂಟು, ಫೋನ್ ಮಾಡಿದ್ದ. ಇಂಗ್ಲಿಷಿಗೆ ನಾನು, ಧೈರ್ಯಕ್ಕೆ ನೀವು."

ಅವರ ಇಂಗ್ಲಿಷು ಮೈದಾನದ್ದು. ಸ್ಟ್ಯಾಂಡ್, ಸಿಟ್, ವೆರಿ ಗುಡ್, ನೋ ಪ್ರಾಬ್ಲಮ್. ಬಂದಿದ್ದಾಕೆ ಸ್ಕಾಟ್ಲೆಂಡಿನವರು, ನಿವೃತ್ತ ದಾದಿ, ವಯಸ್ಸಾದವರು. ತಮ್ಮ ಮುತ್ತಜ್ಜನ ತಮ್ಮನೊಬ್ಬ ರಸ್ತೆ ಅಳೆಯುವ ಕೆಲಸಕ್ಕೆ ಈ ಸೀಮೆಗೆ ಬಂದು ಜ್ವರದಲ್ಲಿ ತೀರಿಕೊಂಡನಂತೆ, ಅವನನ್ನು ಹೂತ ಜಾಗ ಹುಡುಕಿಕೊಂಡು ಬಂದಿದ್ದರು. ಡ್ರಿಲ್ ಮೇಷ್ಟ್ರು ಸುಮ್ಮನೆ ತಲೆ ಕೆರೆದುಕೊಂಡರು. ಅವರ ಸ್ವಂತ ಹೊಲದ ಬದುವಿನಲ್ಲೇ ಒಂದು ಕಲ್ಲುಗುಡ್ಡೆಯಿತ್ತು. ದೊರೆಗುಡ್ಡೆ ಎನ್ನುತ್ತಿದ್ದರು. ಅತ್ತೆ ವರ್ಷಕ್ಕೊಮ್ಮೆ ಅದರ ಮೇಲೆ ಒಂದು ಹಿಡಿ ಅನ್ನ ಇಟ್ಟು ಬರುತ್ತಿದ್ದಳು. ಯಾಕೆಂದು ಇವರು ಕೇಳಿರಲಿಲ್ಲ. ಮನೆಯಲ್ಲಿ ನಡೆದುಕೊಂಡು ಬಂದದ್ದನ್ನು ಯಾಕೆಂದು ಕೇಳುವವರು ಯಾರು.

ಗುಡ್ಡೆ ತೋರಿಸಿ, ಬಿಸಿಲಿಗೆ ಬಾಡಿಹೋದ ಆಕೆಯನ್ನು ಮಜ್ಜಿಗೆ ಕುಡಿಯಲೆಂದು ಮನೆಗೆ ಕರೆತಂದೆವು. ಜಗಲಿಯ ಮೇಲೆ ಅತ್ತೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದಳು. ಬಂದ ದಾದಿ ಟೋಪಿ ತೆಗೆದು ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡರು. ಅತ್ತೆ ಎದ್ದು ನಿಂತಳು. ಹತ್ತಿರ ಬಂದು, ಕೇಳದೆ ಕರೆಯದೆ, ಆ ಬಿಳಿ ಹೆಂಗಸಿನ ಬಲಗಿವಿಯನ್ನು ಹಿಡಿದು ಬೆಳಕಿಗೆ ತಿರುಗಿಸಿದಳು. ಕಿವಿಯ ಮುಂದೆ ಸೂಜಿ ಚುಚ್ಚಿದಂಥ ತೂತು.

"ಇವ್ಳು ನಮ್ಮೋಳು," ಎಂದಳು ಅತ್ತೆ.

ಒಳಗಿಂದ ಅಣ್ಣ ಬಂದರು. "ಅತ್ತೆ, ಸುಮ್ಕಿರು."

"ಸುಮ್ಕಿದ್ದು ಸುಮ್ಕಿದ್ದು ನಂಗೆ ಇಷ್ಟು ವಯಸ್ಸಾತು ಕಣಪ್ಪ."

ಅಂದು ಅವಳು ಹೇಳಿದ್ದನ್ನು ಆ ಮನೆಯ ಅನೇಕರು ಮೊದಲ ಸಲ ಕೇಳಿದರು. ಅತ್ತೆಯ ಅಜ್ಜಿ ಆ ದೊರೆಯ ಜೊತೆ ಸಂಸಾರ ಮಾಡಿದವಳು. ಅವನು ಸತ್ತ ಮೇಲೆ ಕೂಸನ್ನು ಎತ್ತಿಕೊಂಡು ತವರಿಗೆ ಬಂದಳು. ಅಣ್ಣತಮ್ಮಂದಿರು ಕೂಸನ್ನು ತಮ್ಮದೆಂದು ಬೆಳೆಸಿದರು, ಇವಳಿಗೆ ಹಿತ್ತಲಲ್ಲಿ ಗುಡಿಸಲು ಹಾಕಿಕೊಟ್ಟರು. ಸತ್ತ ಮೇಲೂ ಅವಳು ಹಿತ್ತಲಲ್ಲೇ ಉಳಿದಳು. ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬದಲ್ಲಿ ಮಿಕ್ಕ ಹಿರಿಯರಿಗೆಲ್ಲ ಒಳಗೆ ಕಂಬಳಿ ಹಾಸಿ, ಹೊಸ ಬಟ್ಟೆ ಇಟ್ಟು, ಎಲೆ ತುಂಬ ಎಡೆ ಬಡಿಸಿದರೆ, ಅವಳಿಗೆ ಹಿತ್ತಲ ಒರಳುಕಲ್ಲಿನ ಪಕ್ಕ ಒಂದು ಎಲೆ. ಬಟ್ಟೆಯಿಲ್ಲ. ಮನೆಯ ಮಕ್ಕಳು ಅವಳನ್ನು ಹಿತ್ತಲಜ್ಜಿ ಎನ್ನುತ್ತಿದ್ದರು.

"ತಾಳಿ ಕಟ್ಟಿದ್ನೋ ಇಲ್ವೋ ನಂಗೊತ್ತಿಲ್ಲ," ಎಂದಳು ಅತ್ತೆ. "ಕಡೇಗಂಟ ಅವನ ಗುಡ್ಡೆಗೆ ಅನ್ನ ಇಟ್ಲು. ಅವ್ಳು ಹೋದ್ಮೇಲೆ ನಮ್ಮಪ್ಪ ಇಟ್ಟ, ಆಮೇಲೆ ನಾನಿಟ್ಟೆ. ನಾ ಸಾಯೋದ್ರೊಳಗೆ ನಮ್ಮಜ್ಜಿ ಒಳಗೆ ಬರ್ಬೇಕು. ಅವಳ ಹಿಂದೆ ಅವ್ನೂ ಬರ್ಬೇಕು. ಅಷ್ಟೇ ನಂಗೆ ಬೇಕಾಗಿರೋದು."

"ನಾನು ಬದುಕಿರೋವರ್ಗೂ ಅದು ಆಗಲ್ಲ," ಎಂದು ಅಣ್ಣ ರುಮಾಲು ಕೊಡವಿಕೊಂಡು ಹೊರಟುಹೋದರು. ಅವರ ಸಂಕಟ ನನಗೆ ಆಗ ಅರ್ಥವಾಗಲಿಲ್ಲ. ನಾಲ್ಕೂರಿನ ಕುಲದ ತಕರಾರು ಬಗೆಹರಿಸುವವರು ತಮ್ಮ ಮನೆಯ ಕಥೆಯನ್ನು ಯಾವ ಬಾಯಲ್ಲಿ ಹೇಳಬೇಕು.

ಆ ದಾದಿಯಮ್ಮ ತಮ್ಮ ಚೀಲದಿಂದ ಒಂದು ಸಣ್ಣ ಕೊಳವೆ ತೆಗೆದರು. ಅದರಲ್ಲಿ ಉಗುಳಿ ಕೊಟ್ಟರೆ ತಮ್ಮ ದೇಶದಲ್ಲಿ ಪರೀಕ್ಷೆ ಮಾಡಿಸಿ ನೆಂಟಸ್ತಿಕೆ ಹೌದೋ ಅಲ್ಲವೋ ತಿಳಿಸುವುದಾಗಿ ಹೇಳಿದರು. ಅದಕ್ಕೆ ಬಾಯಿ ತೊಳೆದುಕೊಂಡು ಅರ್ಧ ಗಂಟೆ ಎಲೆಅಡಿಕೆ ಹಾಕದೆ ಕೂರಬೇಕು. ಇಡೀ ವಿಜ್ಞಾನದಲ್ಲಿ ಅತ್ತೆಗೆ ಕಷ್ಟವಾದದ್ದು ಅದೊಂದೇ. "ನೆಂಟ್ರು ಬಂದ್ರೆ ಎಲೆಅಡಿಕೆ ಕೊಡ್ತಾರೆ, ಇವ್ಳು ಉಗುಳಿಸಿಕೊಂಡು ಹೋಗ್ತಾಳಲ್ಲಲೇ," ಎಂದು ಗೊಣಗುತ್ತಲೇ ಉಗುಳಿದಳು. ಕೆಲವು ತಿಂಗಳ ಮೇಲೆ ಡ್ರಿಲ್ ಮೇಷ್ಟ್ರ ಮೊಬೈಲಿಗೆ ಉತ್ತರ ಬಂತು. ಹೌದು, ಒಂದೇ ರಕ್ತ. ಜೊತೆಗೆ ಒಂದು ಹಳೆಯ ಫೋಟೋ. ಉದ್ದ ಮೂಗಿನ ಯುವಕ, ಮೊಣಕಾಲಿನ ತನಕ ಚೌಕಳಿ ಬಟ್ಟೆ, ಅದರ ಕೆಳಗೆ ಉದ್ದ ಸಾಕ್ಸು. ಅಣ್ಣತಮ್ಮಂದಿರಿಬ್ಬರದೂ ಅದೇ ಮೂಗು, ನೋಡಿದವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಫೋಟೋವನ್ನು ಅತ್ತೆ ಬಹಳ ಹೊತ್ತು ನೋಡಿದಳು. "ಅವ್ನು ಉಡ್ತಿದ್ದುದು ಇದೇನಾ? ಹಂಗಾದ್ರೆ ಎಡೆಗೂ ಇಂಥದ್ದೇ ಇಡ್ಬೇಕು," ಎಂದಳು.

ಇಲ್ಲಿ ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ಎಡೆಗೆ ಇಟ್ಟ ಬಟ್ಟೆಯನ್ನು ಪೂಜೆಯಾದ ಮೇಲೆ ಮಡಿಸಿ ಪೆಟ್ಟಿಗೆಗೆ ಹಾಕುವಂತಿಲ್ಲ. ಮನೆಯವರು ಯಾರಾದರೂ ಉಡಬೇಕು. ಅವರು ಉಟ್ಟರೆ ಹಿರಿಯರು ಉಟ್ಟಂತೆ. ಡ್ರಿಲ್ ಮೇಷ್ಟ್ರು ಕಿಲ್ಟ್ ಉಡತೊಡಗಿದ್ದು ಶೋಕಿಗೆಂದು ಇವತ್ತಿಗೂ ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಹೇಳುವವರಿದ್ದಾರೆ. ಅವರಿಗೆ ಈ ವಿಷಯ ತಿಳಿಯಲಿ.

ಬಟ್ಟೆ ಎಲ್ಲಿಂದ ತರುವುದು? ಫೋಟೋ ಹಿಡಿದುಕೊಂಡು ನಾವಿಬ್ಬರೂ ಕಂಬಳಿ ನೇಯುವವರ ಹತ್ತಿರ ಹೋದೆವು. ದಾದಿಯಮ್ಮ ಹೇಳಿದ ಪ್ರಕಾರ ಆ ಮನೆತನದ ಚೌಕಳಿಯಲ್ಲಿ ಹಸಿರು ಇರಬೇಕು. ನೇಕಾರ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ಕರೇ ಕುರಿ ಐತೆ, ಬಿಳೇದು ಐತೆ, ಕಂದು ಐತೆ. ಹಸ್ರು ಕುರಿ ಎಲ್ಲೈತೆ ಮೇಷ್ಟ್ರೆ? ಬಣ್ಣ ಹಾಕಿದ ಕಂಬಳಿ ನಾವು ಎಡೆಗೆ ಕೊಡಲ್ಲ." ಹಾಗಾಗಿ ಸ್ಕಾಟ್ಲೆಂಡಿನ ಆ ಚೌಕಳಿ ನಮ್ಮ ಕುರಿಗಳ ಬಣ್ಣಕ್ಕೆ ತಿರುಗಿತು.

ಹಬ್ಬದ ದಿನ ನನ್ನನ್ನೂ ಕರೆದಿದ್ದರು. ನಡುಮನೆಯಲ್ಲಿ ಎಲೆಗಳ ಸಾಲು, ಧೂಪ, ಮಾಂಸದ ಅಡುಗೆಯ ವಾಸನೆ, ಬೀಡಿ ಸೇದುತ್ತಿದ್ದ ಅಜ್ಜನಿಗೆ ಬೀಡಿ ಕಟ್ಟು, ಎಲೆಅಡಿಕೆ ಪ್ರಿಯರಿಗೆ ಎಲೆಅಡಿಕೆ. ಡ್ರಿಲ್ ಮೇಷ್ಟ್ರು ಅಣ್ಣನ ಮುಂದೆ ಒಂದು ಸೀರೆಯನ್ನೂ ಮಡಿಸಿದ ಚೌಕಳಿ ಕಂಬಳಿಯನ್ನೂ ಹಿಡಿದು ನಿಂತರು. ಅಣ್ಣ ಬೇಡವೆಂದು ತಲೆಯಾಡಿಸಿದರು. ಇವರು ವಾದ ಮಾಡಲಿಲ್ಲ. ಬಟ್ಟೆಗಳನ್ನು ತೆಗೆದುಕೊಂಡು ಹೋಗಿ ಹಿತ್ತಲಲ್ಲಿ, ಒರಳುಕಲ್ಲಿನ ಪಕ್ಕದ ಎಲೆಯ ಮುಂದೆ ಇಟ್ಟರು. ಅತ್ತೆ ಕೋಲೂರಿಕೊಂಡು ಹಿಂದೆಯೇ ಹೋಗಿ ನೆಲದ ಮೇಲೆ ಕೂತುಬಿಟ್ಟಳು.

ಆ ಮನೆಯಲ್ಲಿ ಎಲ್ಲರಿಗಿಂತ ಹಿರಿಯ ಜೀವ ಮೊದಲ ತುತ್ತು ಬಾಯಿಗಿಡದೆ ಬೇರೆಯವರು ಊಟಕ್ಕೆ ಕೂರುವಂತಿಲ್ಲ. ಅತ್ತೆ ಬಾಯಿಗಿಡಲೊಲ್ಲಳು. ಸ್ವಲ್ಪ ಹೊತ್ತಿಗೆ ಡ್ರಿಲ್ ಮೇಷ್ಟ್ರ ಹೆಂಡತಿ ಬಂದು ಅವಳ ಪಕ್ಕ ಕೂತರು. ಆಮೇಲೆ ಅಣ್ಣನ ಸೊಸೆಯಂದಿರು ಬಂದರು. ಹಸಿದ ಮಕ್ಕಳು ಬಂದವು. ನಾನೂ ಎದ್ದು ಹೋದೆ. ಒಳಗೆ ಧೂಪದ ಹೊಗೆಯಲ್ಲಿ ಅಣ್ಣ ಒಬ್ಬರೇ ಉಳಿದರು. ಕೊನೆಗೆ ಹಿತ್ತಲ ಬಾಗಿಲಿಗೆ ಬಂದು ನಿಂತರು.

"ಅತ್ತೆ, ಎಲ್ರಿಗೂ ಹಸಿವಾಗೈತೆ. ಒಳಗೆ ಬಾ."

"ಅವ್ಳನ್ನ ಕರಿ, ಬರ್ತೀನಿ."

ಅಣ್ಣ ಒರಳುಕಲ್ಲಿನ ಪಕ್ಕದ ಎಲೆ ನೋಡಿದರು. "ಏನಂತ ಕರೀಲಿ?"

"ಅಜ್ಜಿ ಅಂತ ಕರಿ. ಇನ್ನೇನಂತ ಕರೀತೀಯ."

ಆ ದೊಡ್ಡ ಮನುಷ್ಯರು ಬಾಗಿ, ಎರಡೂ ಕೈಯಲ್ಲಿ ಎಲೆಯನ್ನು ಚೆಲ್ಲದಂತೆ ಎತ್ತಿಕೊಂಡರು. "ಬಾರಜ್ಜಿ ಒಳಗೆ," ಎಂದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ನನಗೂ ಕಣ್ಣು ತುಂಬಿತ್ತು, ಆದರೆ ಹಸಿವೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಅಜ್ಜಿ ಒಳಗೆ ಬಂದಳು. ಕಿಲ್ಟ್ ಬರಲಿಲ್ಲ. "ಅಜ್ಜಿ ಸರಿ. ಆ ಚೌಕಳಿ ಹೊಸ್ತಿಲ ಹತ್ರ ಇರ್ಲಿ. ನನ್ನ ಕಣ್ಣಿಗೆ ಬೀಳಬಾರ್ದು," ಎಂದರು ಅಣ್ಣ. ಅತ್ತೆ ಅದಕ್ಕೆ ಒಪ್ಪಿ, ಹೊಸ್ತಿಲ ಪಕ್ಕ ಇನ್ನೊಂದು ಎಲೆ ಹಾಕಿಸಿದಳು. ದೊರೆಗೆ ಏನು ಇಷ್ಟವೋ ಯಾರಿಗೆ ಗೊತ್ತು, ಐಮಂಗಲದ ಬೇಕರಿಯಿಂದ ಬ್ರೆಡ್ಡು ತರಿಸಿ ಇಡಿಸಿದಳು. ಪೂಜೆಯಾದ ಮೇಲೆ ಸೀರೆಯನ್ನು ತಾನೇ ಉಟ್ಟಳು. ಕಂಬಳಿಯನ್ನು ಡ್ರಿಲ್ ಮೇಷ್ಟ್ರ ಕೈಗೆ ಕೊಟ್ಟು, "ಉಡಪ್ಪ," ಎಂದಳು.

ಕಿಲ್ಟ್ ಉಡಿಸಿ ಗೊತ್ತಿದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಫೋಟೋದಲ್ಲಿ ಕಾಣುತ್ತಿದ್ದುದು ಮುಂಭಾಗ ಮಾತ್ರ, ಅದರಲ್ಲಿ ನಿರಿಗೆ ಇರಲಿಲ್ಲ. ಆದರೆ ನಿರಿಗೆ ಇರುತ್ತದೆಂದು ದಾದಿಯಮ್ಮ ಹೇಳಿದ್ದು ಅವರ ಹೆಂಡತಿಗೆ ನೆನಪಿತ್ತು. ನಿರಿಗೆ ಎಂದ ಮೇಲೆ ಮುಂದೆಯೇ ತಾನೆ. ಸೀರೆಗೆ ಹಿಡಿಯುವ ಹಾಗೆ ಆಕೆ ಬೆರಳಲ್ಲಿ ಮಡಿಕೆ ಹಿಡಿದು, ಹೊಕ್ಕುಳ ಹತ್ತಿರ ಸಿಕ್ಕಿಸಿ, ಮೇಲೆ ಎನ್‌ಸಿಸಿ ಬೆಲ್ಟು ಬಿಗಿದರು. ಮುಂದೆ ಒಂದು ಚೀಲ ನೇತಾಡುವುದು ಫೋಟೋದಲ್ಲಿ ಕಂಡಿದ್ದರಿಂದ ಅತ್ತೆ ತನ್ನ ಎಲೆಅಡಿಕೆ ಸಂಚಿಯನ್ನು ಬಿಚ್ಚಿ ಕಟ್ಟಿದಳು. ಹೀಗೆ ನಿರಿಗೆ ಮುಂದಾದ ಕಿಲ್ಟ್ ಲೋಕದಲ್ಲಿ ಮೊದಲ ಬಾರಿಗೆ ಐಮಂಗಲದ ಆಚೆ ಹುಟ್ಟಿತು.

ಅವರು ಅದನ್ನು ಉಟ್ಟುಕೊಂಡೇ ಹೊಲಕ್ಕೆ ಹೋಗಿ ದೊರೆಗುಡ್ಡೆಗೆ ಅನ್ನ ಇಟ್ಟು ಬಂದರು. ಊರು ಬಾಗಿಲಿಗೆ ಬಂದು ನಿಂತು ನೋಡಿತು. "ಒಳಗೇನು ಹಾಕ್ಕಂಡೀರಿ ಮೇಷ್ಟ್ರೆ?" ಎಂದ ಒಬ್ಬ. "ಕಬಡ್ಡಿ ಚಡ್ಡಿ ಕಣಪ್ಪ. ಆಟಕ್ಕೆ ಬರ್ತೀಯೇನು?" ಎಂದರು ಇವರು. ಕೇಳಿದವನೇ ನಾಚಿಕೊಂಡ. ಅಂದಿನಿಂದ ಅವರು ಅದನ್ನು ಬಿಡಲಿಲ್ಲ. ಮದುವೆಗೆ, ಸಂತೆಗೆ, ಚಿತ್ರದುರ್ಗದಲ್ಲಿ ನಡೆಯುವ ಕ್ರೀಡಾಕೂಟಕ್ಕೆ, ಮನಸ್ಸು ಬಂದಾಗಲೆಲ್ಲ ಉಡುತ್ತಿದ್ದರು. ಒಂದು ದಿನ ಉಟ್ಟು ಬಿಚ್ಚಿಟ್ಟರೆ ಅದು ವೇಷವಾಗುತ್ತದೆ, ಉಟ್ಟೂ ಉಟ್ಟೂ ಬಟ್ಟೆಯಾಗಬೇಕು ಎನ್ನುತ್ತಿದ್ದರು. ಅಣ್ಣ ಮಾತ್ರ ಇವರು ಚೌಕಳಿಯಲ್ಲಿದ್ದರೆ ಪಕ್ಕದಲ್ಲಿ ನಡೆಯುತ್ತಿರಲಿಲ್ಲ, ರಸ್ತೆಯ ಆ ಬದಿಗೆ ಹೋಗುತ್ತಿದ್ದರು. ಇವರು ಈ ಬದಿಯಿಂದಲೇ ಅಣ್ಣನ ಜೊತೆ ಗಟ್ಟಿಯಾಗಿ ಮಾತಾಡಿಕೊಂಡು ಹೋಗುತ್ತಿದ್ದರು.

ಈಗ ನನ್ನ ಋಣದ ಮಾತು. ಆ ವರ್ಷದ ರಾಜ್ಯೋತ್ಸವಕ್ಕೆ ಶಾಲೆಯಲ್ಲಿ ಭಾಷಣ ನನ್ನ ಪಾಲಿಗೆ ಬಂತು. ಕನ್ನಡ ಮೇಷ್ಟ್ರು ಇರುವಾಗ ಬೇರೆಯವರು ಯಾಕೆ ಎಂದರು ಹೆಡ್‌ಮಾಸ್ಟರ್. ಇಡೀ ಊರು ಬರುತ್ತದೆ, ಧ್ವನಿವರ್ಧಕ ಬೇರೆ. ನಾನು ವಾರವಿಡೀ ಊಟ ಸೇರದೆ ಓಡಾಡಿದೆ. ಭಾಷಣ ಮಾಡಿದ ಮೇಲೆ ಇನ್ನು ಈ ಊರಲ್ಲಿ ಮುಖವೆತ್ತಲಾರೆ, ವರ್ಗ ಕೇಳಿಕೊಂಡು ಹೋಗುವುದೇ ಸರಿ ಎಂದು ಡ್ರಿಲ್ ಮೇಷ್ಟ್ರ ಮುಂದೆ ಅಂದುಬಿಟ್ಟೆ. ಅವರು ಬಸಿಯ ಟೀ ಮುಗಿಸಿ, "ನೋಡಾಣ," ಎಂದರು.

ಬೆಳಿಗ್ಗೆ ಮೈದಾನದಲ್ಲಿ ಧ್ವಜದ ಮುಂದೆ ಮಕ್ಕಳ ಸಾಲು. ಕಾಂಪೌಂಡಿನ ಆಚೆಯಿಂದ ಸೀಟಿ ಕೇಳಿಸಿತು. ಡ್ರಿಲ್ ಮೇಷ್ಟ್ರು ಕವಾಯತಿನ ಮುಂದೆ ಕೈಬೀಸಿಕೊಂಡು ಬಂದರು. ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳಲ್ಲಿ ಹಳದಿ ಕೆಂಪು ಶಾಲು, ಕೆಳಗೆ ಕಂಬಳಿಯ ಕಿಲ್ಟ್, ಹೆಜ್ಜೆಹೆಜ್ಜೆಗೂ ಕುಣಿಯುವ ಎಲೆಅಡಿಕೆ ಸಂಚಿ. ಶಾಲೆಯ ಊರಿನವರು ಅದನ್ನು ಕಂಡದ್ದು ಅದೇ ಮೊದಲು. ನಗು ಬಂತು ನೋಡಿ, ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ಬಾಗಿತು. ಹೆಡ್‌ಮಾಸ್ಟರ್ ಓಡಿಬಂದು, "ಏನ್ರಿ ಇದು, ಕನ್ನಡದ ಹಬ್ಬದ ದಿನ," ಎಂದರು.

"ಕನ್ನಡ ನಾಡಿನ ಕುರಿ, ಕನ್ನಡ ನಾಡಿನ ಮಗ್ಗ. ನೀವು ಹಾಕ್ಕಂಡಿರೋ ಪ್ಯಾಂಟಿಗಿಂತ ಇದೇ ಕನ್ನಡ ಅಲ್ವೇನ್ರಿ ಸಾರ್," ಎಂದರು ಇವರು. ಹೆಡ್‌ಮಾಸ್ಟರ್ ತಮ್ಮ ಪ್ಯಾಂಟು ನೋಡಿಕೊಂಡರು. ಅದಕ್ಕೂ ಒಂದು ಸುತ್ತು ನಗು ಎದ್ದಿತು.

ಇವರು ಅವಸರ ಮಾಡದೆ ಮೈದಾನವನ್ನು ಪೂರಾ ಸುತ್ತಿದರು, ಮತ್ತೊಮ್ಮೆ ಸುತ್ತಿದರು. ಮಕ್ಕಳು ನಕ್ಕು ನಕ್ಕು ಕೆಮ್ಮಿ, ಕಣ್ಣೊರೆಸಿಕೊಂಡು, ಸುಸ್ತಾಗಿ ನಿಂತರು. ಆಗ ಅವರು ನನ್ನ ಹಿಂದೆ ಬಂದರು. ಬೆನ್ನ ಮಧ್ಯೆ ಹೆಬ್ಬೆರಳು ಒತ್ತಿತು.

"ಇದ್ದ ನಗು ಎಲ್ಲಾ ನನ್ನ ಮ್ಯಾಲೆ ಖರ್ಚಾಗೈತೆ. ಈಗ ಹೋಗಿ ಮಾತಾಡ್ರಿ. ನಗೋರಿಗೆ ಸುಸ್ತಾಗ್ತದೆ ಮೇಷ್ಟ್ರೆ, ನಿಂತಿರೋರಿಗೆ ಆಗಲ್ಲ."

ನಾನು ಮಾತಾಡಿದೆ. 'ಮ' ಬಂದ ಕಡೆಯೆಲ್ಲ ಸಿಕ್ಕಿಕೊಂಡೆ. ದಾರಿ ಬದಲಿಸಲಿಲ್ಲ. ಒಂದಿಬ್ಬರು ನಕ್ಕಿರಬಹುದು, ಆದರೆ ಆ ನಗುವಿನಲ್ಲಿ ಕಸುವು ಉಳಿದಿರಲಿಲ್ಲ. ನನಗಾಗಿ ಒಬ್ಬ ಮನುಷ್ಯ ಮೊಣಕಾಲು ತೋರಿಸಿಕೊಂಡು ಊರಿನ ನಗುವನ್ನೆಲ್ಲ ಮೈಮೇಲೆ ಎಳೆದುಕೊಂಡಿದ್ದರು. ವರ್ಗ ಕೇಳುವ ಅರ್ಜಿ ನಾನು ಬರೆಯಲೇ ಇಲ್ಲ. ಇವತ್ತಿಗೂ ಮೇಷ್ಟ್ರಾಗಿಯೇ ಇದ್ದೇನೆ, ತೊದಲುತ್ತಲೇ ಪಾಠ ಮಾಡುತ್ತೇನೆ, ಮಕ್ಕಳು ಕಾಯುತ್ತಾರೆ. ನನ್ನ ಕೆಲಸ, ನನ್ನ ಊಟ, ನನ್ನ ನಿದ್ದೆ ಎಲ್ಲದರಲ್ಲೂ ಅವರ ಪಾಲು ಇದೆ. ಅವರ ಎದುರಿಗೆ ಇದನ್ನು ಹೇಳಲು ಹೋದರೆ, "ಮಂಡಕ್ಕಿ ಮೆತ್ತಗಾಗ್ತೈತೆ, ತಿನ್ರಿ," ಎಂದು ಬಾಯಿ ಮುಚ್ಚಿಸುತ್ತಿದ್ದರು.

ದಾದಿಯಮ್ಮ ಇನ್ನೊಮ್ಮೆ ಬಂದಿದ್ದರು. ತಮ್ಮ ನೆಂಟನ ಕಿಲ್ಟ್ ನೋಡಿ ಮೊದಲು ಕಣ್ಣಲ್ಲಿ ನೀರು ಹಾಕಿಕೊಂಡರು, ಆಮೇಲೆ ಸುತ್ತ ಒಂದು ಸಲ ಬಂದು ನೋಡಿ, ಸಂಕೋಚಪಡುತ್ತಲೇ ತಪ್ಪು ತೋರಿಸಿದರು. ನಿರಿಗೆ ಹಿಂದೆ ಬರಬೇಕಂತೆ, ಮುಂದೆ ಚಪ್ಪಟೆಯಾಗಿರಬೇಕಂತೆ. ನಿರಿಗೆ ಹಿಡಿದಿದ್ದ ಡ್ರಿಲ್ ಮೇಷ್ಟ್ರ ಹೆಂಡತಿ ಪೆಚ್ಚಾದರು. ನಾವೆಲ್ಲ ಅತ್ತೆಯ ಮುಖ ನೋಡಿದೆವು. ಆಗ ಅವಳು ಹಾಸಿಗೆ ಹಿಡಿದಿದ್ದಳು.

"ನಮ್ಮನೆಗೆ ಬಂದೋನು ನಮ್ಮಂಗೇ ಉಡ್ಲಿ," ಎಂದಳು ಅತ್ತೆ. "ನಿರಿಗೆ ಮುಂದೇನೇ ಇರ್ಲಿ."

ಅದನ್ನು ದಾದಿಯಮ್ಮನಿಗೆ ಇಂಗ್ಲಿಷಿನಲ್ಲಿ ಹೇಳಲು ಡ್ರಿಲ್ ಮೇಷ್ಟ್ರಿಗೆ ಬರಲಿಲ್ಲ. ವೆರಿ ಗುಡ್, ನೋ ಪ್ರಾಬ್ಲಮ್ ಎಂದರು. ಆಕೆ ಬಗ್ಗಿ ಅತ್ತೆಯ ಬಲಗಿವಿಗೆ ಮುತ್ತು ಕೊಟ್ಟರು. ಅದೇ ಚಳಿಗಾಲದಲ್ಲಿ ಅತ್ತೆ ಹೋದಳು. ಅಜ್ಜಿ ಒಳಗೆ ಬಂದದ್ದನ್ನು ಕಂಡಳು. ಅವಳ ಹಿಂದೆ ಅವನೂ ಬರಬೇಕೆಂದಿದ್ದಳಲ್ಲ, ಅವನು ಇನ್ನೂ ಹೊಸ್ತಿಲಲ್ಲೇ ಕೂತಿದ್ದ. "ಅಷ್ಟು ದೂರದಿಂದ ಬಂದೋನು, ಇನ್ನೊಂದು ಹೆಜ್ಜೆ ಬರಾಕೆ ತಡ ಆಗ್ತೈತೆ," ಎಂದು ಡ್ರಿಲ್ ಮೇಷ್ಟ್ರು ಪ್ರತಿ ವರ್ಷ ಹೊಸ್ತಿಲ ಪಕ್ಕದ ಎಲೆಗೆ ಬ್ರೆಡ್ಡು ಇಡುವಾಗ ಹೇಳುತ್ತಿದ್ದರು. ಅಣ್ಣನ ಮೇಲೆ ಒಂದು ದಿನವೂ ಸಿಟ್ಟು ಮಾಡಲಿಲ್ಲ.

ನಿವೃತ್ತರಾದ ಮೇಲೂ ಊರಿನ ಹುಡುಗರಿಗೆ ಕಬಡ್ಡಿ ಹೇಳಿಕೊಡುತ್ತಿದ್ದರು. ಹೋದ ಬೇಸಿಗೆಯಲ್ಲಿ ಒಂದು ಸಂಜೆ ಆಟ ಮುಗಿಸಿ ಬಂದು ಜಗಲಿಯ ಮೇಲೆ ಕೂತವರು ಏಳಲಿಲ್ಲ. ಬೆನ್ನು ನೆಟ್ಟಗೆ ಗೋಡೆಗೆ ಆನಿಕೊಂಡಿತ್ತಂತೆ.

ಈ ಸಲದ ಹಿರಿಯರ ಹಬ್ಬಕ್ಕೆ ಅಣ್ಣನೇ ಫೋನು ಮಾಡಿ ಕರೆದರು. ಹೋದೆ. ನಡುಮನೆಯಲ್ಲಿ ಎಲೆಗಳ ಸಾಲು. ಒಂದು ಎಲೆಯ ಮುಂದೆ ಸೀಟಿ ಮತ್ತು ಮಂಡಕ್ಕಿ ಮೆಣಸಿನಕಾಯಿ. ಪಕ್ಕದ ಎಲೆಯಲ್ಲಿ ಬ್ರೆಡ್ಡು. ಹೊಸ್ತಿಲ ಹತ್ತಿರ ಏನೂ ಇರಲಿಲ್ಲ. ಎರಡು ಎಲೆಗಳ ನಡುವೆ ಹೊಸ ಚೌಕಳಿ ಕಂಬಳಿ, ಕರಿ, ಬಿಳಿ, ಕಂದು. ಅಣ್ಣ ತಾವೇ ನೇಕಾರನ ಹತ್ತಿರ ಹೋಗಿ, ಮಗ್ಗದ ಪಕ್ಕ ಕೂತು ನೇಯಿಸಿಕೊಂಡು ಬಂದಿದ್ದರಂತೆ.

ಪೂಜೆಯಾಯಿತು. ಎಡೆಗಿಟ್ಟ ಬಟ್ಟೆಯನ್ನು ಯಾರಾದರೂ ಉಡಬೇಕು. ಅಣ್ಣ ಎದ್ದು ರುಮಾಲು ತೆಗೆದಿಟ್ಟರು, ಕಂಬಳಿ ಎತ್ತಿಕೊಂಡು ಪಂಚೆಯ ಮೇಲೆಯೇ ಸುತ್ತಿಕೊಳ್ಳಲು ನೋಡಿದರು. ವಯಸ್ಸಾದ ಕೈಗಳಿಗೆ ಅದು ನಿಲ್ಲಲಿಲ್ಲ. ಡ್ರಿಲ್ ಮೇಷ್ಟ್ರ ಹೆಂಡತಿ ಬಾಗಿಲ ಮರೆಯಲ್ಲಿ ಅಳುತ್ತಿದ್ದರು.

"ಮೇಷ್ಟ್ರೆ, ಒಂದು ಕೈ ಹಿಡೀರಿ," ಎಂದರು ಅಣ್ಣ ನನಗೆ. "ಅವ್ನು ಉಡೋದನ್ನ ನೀವು ಎಷ್ಟೋ ಸಲ ನೋಡೀರಿ. ಈ ನಿರಿಗೆ ಯಾವ ಕಡೆಗೆ ಬರ್ಬೇಕು?"

ನಾನು ಅವರ ಮುಂದೆ ಮಂಡಿಯೂರಿ ಮಡಿಕೆ ಹಿಡಿದೆ. ಉತ್ತರ ಒಂದೇ ಪದ. ಅದರ ಮೊದಲ ಅಕ್ಷರದಲ್ಲೇ ತುಟಿ ಅಂಟಿಕೊಂಡಿತು. ಹೊರಡಲಿಲ್ಲ. ಇಡೀ ಮನೆ ನನ್ನ ಬಾಯಿ ನೋಡುತ್ತಿತ್ತು. ಅಣ್ಣ ಪದ ಹುಡುಕಿಕೊಡಲಿಲ್ಲ. ಎರಡೂ ಕೈ ಎತ್ತಿ ಹಿಡಿದುಕೊಂಡು, ಆರಾಮಾಗಿ, ತಮ್ಮನ ಹಾಗೆಯೇ ಕಾಯುತ್ತ ನಿಂತರು.

"ಮುಂದೆ," ಎಂದೆ ಕೊನೆಗೆ.

"ಹಂಗೇ ಆಗ್ಲಿ," ಎಂದರು. ನಾನು ನಿರಿಗೆ ಸಿಕ್ಕಿಸಿ, ಬೆಲ್ಟು ಬಿಗಿದು, ಎದ್ದು ಅವರ ಹಿಂದೆ ಹೋದೆ. ಬೆನ್ನು ಬಾಗಿತ್ತು. ಅಷ್ಟು ದೊಡ್ಡವರ ಮೈ ಮುಟ್ಟಬಾರದು ಎನ್ನಿಸಿದರೂ, ಭುಜಗಳ ನಡುವೆ ಹೆಬ್ಬೆರಳು ಒತ್ತಿದೆ.